ಹಗುರವಾದ ಗುರಿ-ತೋಟೆಗಳ ದೋಷ ಪತ್ತೆ: ಗುಂಡಿನ ತೂಕವೇ, ಮದ್ದೇ, ಬೇರೇನಾದರೂ?

ಅಮೆರಿಕದ ಬುಲ್ಸ್‌ಐ ಪಿಸ್ತೂಲು ಸ್ಪರ್ಧೆಯಲ್ಲಿ ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು 50 ಗಜ ಮತ್ತು 25 ಗಜ ದೂರದ ಕಾಗದದ ಗುರಿಗೆ ಹೊಡೆಯಬೇಕು. ಹತ್ತು ಅಂಕದ ವೃತ್ತದ ವ್ಯಾಸ 3.36 ಅಂಗುಲ, ಅದರೊಳಗಿನ ಎಕ್ಸ್ ವೃತ್ತದ್ದು 1.695 ಅಂಗುಲ. ಓಹಾಯೋದ ಕ್ಯಾಂಪ್ ಪೆರಿಯಂಥ ದೊಡ್ಡ ಪಂದ್ಯಕ್ಕೆ ಹೋಗುವವರಿರಲಿ, ಊರಿನ ಕ್ಲಬ್ಬಿನಲ್ಲಿ ವಾರಾಂತ್ಯ ಅಭ್ಯಾಸ ಮಾಡುವವರಿರಲಿ, ಈ ಆಟವನ್ನು ಗಂಭೀರವಾಗಿ ಆಡುವವರಲ್ಲಿ ಬಹಳ ಮಂದಿ ತಮ್ಮ ತೋಟೆಗಳನ್ನು ತಾವೇ ತುಂಬಿಕೊಳ್ಳುತ್ತಾರೆ, ಅಂದರೆ ಹಿತ್ತಾಳೆಯ ಖಾಲಿ ಕೇಸಿಗೆ ಮದ್ದನ್ನು ಹೊತ್ತಿಸುವ ಪ್ರೈಮರ್, ಅಳೆದ ಮದ್ದು (ಚಾರ್ಜು) ಮತ್ತು ಗುಂಡನ್ನು ತಾವೇ ಕೂರಿಸುತ್ತಾರೆ. ಅಲ್ಲಿ ನೆಲೆಸಿ ಈ ಕ್ರೀಡೆಗೆ ಇಳಿದಿರುವ ಕನ್ನಡಿಗರಿಗಾಗಿ, .45 ಎಸಿಪಿ ಮತ್ತು .38 ಸ್ಪೆಷಲ್ ಎಂಬ ಎರಡು ತೋಟೆಗಳನ್ನು ಉದಾಹರಣೆಯಾಗಿಟ್ಟುಕೊಂಡು, ತುಂಬಿದ ತೋಟೆ ಸರಿಯಾಗಿ ವರ್ತಿಸದಿದ್ದಾಗ ಕಾರಣವನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎರಡು ಮಾತುಗಳನ್ನು ಮೊದಲೇ ಹೇಳಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡುಗಳ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿಯಿದ್ದ ಮಾತ್ರಕ್ಕೆ ಮನೆಯಲ್ಲಿ ತೋಟೆ ತುಂಬುವ ಹಕ್ಕು ಬಂತೆಂದು ತಿಳಿಯಬಾರದು. ಎರಡನೆಯದಾಗಿ, ಈ ಬರಹದಲ್ಲಿ ಯಾವ ಮದ್ದಿಗೂ ಚಾರ್ಜಿನ ತೂಕವನ್ನು ಕೊಟ್ಟಿಲ್ಲ, ಮತ್ತು ಅದು ಉದ್ದೇಶಪೂರ್ವಕ. ಚಾರ್ಜಿನ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಮದ್ದು ತಯಾರಕರು ಪ್ರಕಟಿಸಿರುವ ಕೋಷ್ಟಕದಿಂದಲೇ, ಅದೂ ಕೈಯಲ್ಲಿರುವ ಅದೇ ಗುಂಡು, ಅದೇ ಉದ್ದ ಮತ್ತು ಅದೇ ಬಗೆಯ ಪ್ರೈಮರಿಗೆ ಕೊಟ್ಟಿರುವ ಸಾಲಿನಿಂದಲೇ ತೆಗೆದುಕೊಳ್ಳಬೇಕು. ಗೆಳೆಯರು ಬಾಯಲ್ಲಿ ಹೇಳಿದ ಅಂಕಿಯನ್ನು ಎಷ್ಟೇ ವಿಶ್ವಾಸವಿದ್ದರೂ ಕೋಷ್ಟಕದ ಎದುರು ಪರಿಶೀಲಿಸದೆ ಬಳಸಬಾರದು.

ಗುರಿ-ತೋಟೆಯ ಬಹುತೇಕ ದೋಷಗಳ ಹಿಂದೆ ಇರುವುದು ಹೆಚ್ಚು ಒತ್ತಡವಲ್ಲ, ಕಡಿಮೆ ಒತ್ತಡ. .45 ಎಸಿಪಿಯ ಗರಿಷ್ಠ ಒತ್ತಡದ ಮಿತಿ ಪ್ರತಿ ಚದರ ಅಂಗುಲಕ್ಕೆ 21,000 ಪೌಂಡ್; .38 ಸ್ಪೆಷಲ್‌ನದು 17,000 ಪೌಂಡ್. 9 ಎಂಎಂ ಲ್ಯೂಗರ್‌ಗೆ ಇದೇ ಮಿತಿ 35,000 ಪೌಂಡ್ ಇದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಈ ಎರಡೂ ಮೊದಲೇ ಮೃದು ಸ್ವಭಾವದ ತೋಟೆಗಳೆಂದು ತಿಳಿಯುತ್ತದೆ. ಗುರಿಗಾರರು ಒದೆತ ಕಡಿಮೆಯಾಗಲೆಂದು ಅವನ್ನು ಇನ್ನೂ ಹಗುರಗೊಳಿಸುತ್ತಾರೆ. ಅದರ ಮೇಲೆ .38 ಸ್ಪೆಷಲ್‌ನ ಕೇಸು ಕರಿಮದ್ದಿನ ಕಾಲದ ಅಳತೆಯದು. ಅದರಲ್ಲಿ ಇಂದಿನ ಹೊಗೆರಹಿತ ಮದ್ದಿನ ಹಗುರ ಚಾರ್ಜು ತಳದಲ್ಲಿ ಒಂದಿಷ್ಟು ಜಾಗ ಹಿಡಿದು, ಉಳಿದದ್ದೆಲ್ಲ ಖಾಲಿ ಇರುತ್ತದೆ. ಆ ಖಾಲಿ ಜಾಗದಲ್ಲಿ ಮದ್ದು ಹೇಗೆ ಹೊತ್ತಿಕೊಳ್ಳುತ್ತದೆ, ಅಷ್ಟು ಕಡಿಮೆ ಒತ್ತಡಕ್ಕೆ ಗುಂಡು ನಳಿಕೆಯೊಳಗೆ ಹೇಗೆ ಸ್ಪಂದಿಸುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಹೊರಟರೆ ಮುಂದೆ ಹೇಳುವ ಲಕ್ಷಣಗಳಲ್ಲಿ ಹೆಚ್ಚಿನವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ತಕ್ಷಣ ನಿಲ್ಲಿಸಬೇಕಾದ ಸಂದರ್ಭಗಳು

ಹೊಡೆತದ ಸದ್ದು ಎಂದಿಗಿಂತ ಮಂಕಾಗಿದ್ದರೆ, ಒದೆತ ಕೈಗೆ ತಿಳಿಯದಿದ್ದರೆ, ಅಥವಾ ಕಾಗದದ ಮೇಲೆ ತೂತು ಕಾಣದಿದ್ದರೆ ಮುಂದಿನ ಹೊಡೆತಕ್ಕೆ ಹೋಗಬಾರದು. ಮದ್ದಿಲ್ಲದೆ ಬರೀ ಪ್ರೈಮರಿನ ಬಲಕ್ಕೆ ಹೊರಟ ಗುಂಡು ನಳಿಕೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಹೋದರೆ ನಳಿಕೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಕ್ಷಿಪ್ರ ಸುತ್ತಿನಲ್ಲಿ ಹತ್ತು ಸೆಕೆಂಡಿಗೆ ಐದು ಗುಂಡು ಹೊಡೆಯುವ ಆತುರದಲ್ಲಿ ಸ್ಲೈಡನ್ನು (ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಜಾರುವ ಭಾಗವನ್ನು) ಕೈಯಿಂದ ಎಳೆದು ಮುಂದುವರಿಯುವ ಅಭ್ಯಾಸ ಇರುವವರು ಈ ಒಂದು ಲಕ್ಷಣಕ್ಕಾಗಿ ಆ ಅಭ್ಯಾಸವನ್ನು ಬಿಡಬೇಕು. ಪಿಸ್ತೂಲನ್ನು ಗುರಿಯ ದಿಕ್ಕಿನಲ್ಲೇ ಅರ್ಧ ನಿಮಿಷ ಹಿಡಿದು, ಖಾಲಿ ಮಾಡಿ, ಬಿಚ್ಚಿ, ನಳಿಕೆಯ ಆಚೆ ಬದಿಯಿಂದ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು.

ಇದಕ್ಕೆ ವಿರುದ್ಧವಾದ ಅಪಾಯ ಎರಡು ಪಟ್ಟು ಚಾರ್ಜು. ಬೇಗ ಉರಿಯುವ, ಸಾಂದ್ರವಾದ ಮದ್ದುಗಳ ಹಗುರ ಚಾರ್ಜು ಕೇಸಿನ ಅರ್ಧವನ್ನೂ ತುಂಬದ ಕಾರಣ, ಅದೇ ಕೇಸಿಗೆ ಎರಡನೇ ಬಾರಿ ಮದ್ದು ಬಿದ್ದರೂ ಹೊರಗೆ ಚೆಲ್ಲುವುದಿಲ್ಲ, ಗುಂಡು ಕೂರಿಸುವಾಗ ಕೈಗೂ ತಿಳಿಯುವುದಿಲ್ಲ. ಕೇಸುಗಳನ್ನು ಮರದ ಹಲಗೆಯ ಗುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಪ್ರತಿಯೊಂದರ ಒಳಗೂ ಮದ್ದಿನ ಮಟ್ಟ ನೋಡುವುದೊಂದೇ ನಂಬಬಹುದಾದ ಕ್ರಮ. ಒದೆತದಲ್ಲಿ ಒಂದೇ ಒಂದು ಹೊಡೆತ ಎದ್ದು ಕಾಣುವಂತೆ ಬಲವಾಗಿದ್ದರೆ ಆ ಇಡೀ ಡಬ್ಬಿಯನ್ನು ಪಕ್ಕಕ್ಕಿಡಬೇಕು. ಪ್ರೈಮರಿನ ಮುಖ ಚಪ್ಪಟೆಯಾಗಿಲ್ಲವಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ಇಷ್ಟು ಕಡಿಮೆ ಒತ್ತಡದ ತೋಟೆಗಳಲ್ಲಿ ಪ್ರೈಮರ್ ಚಪ್ಪಟೆಯಾಗುವ ಹೊತ್ತಿಗೆ ಮಿತಿ ಎಂದೋ ದಾಟಿಹೋಗಿರುತ್ತದೆ.

ದೋಷ ತೋಟೆಯದೇ ಎಂದು ಖಚಿತಪಡಿಸಿಕೊಳ್ಳುವುದು

ಗುಂಪು ಹರಡಿದಾಗ ಮದ್ದಿನ ಡಬ್ಬಿಯ ಕಡೆಗೆ ಕೈ ಹೋಗುವುದು ಸಹಜ. ಆದರೆ ಕೈ, ಪಿಸ್ತೂಲು ಮತ್ತು ತೋಟೆ ಮೂರೂ ಸೇರಿ ಕಾಗದದ ಮೇಲೆ ಒಂದೇ ಚಿತ್ರ ಬರೆಯುವುದರಿಂದ ಮೂರನ್ನೂ ಬೇರ್ಪಡಿಸದೆ ಹುಡುಕಾಟ ಆರಂಭಿಸಬಾರದು. ಕಾರ್ಖಾನೆಯಲ್ಲಿ ತಯಾರಾದ ಒಂದು ಡಬ್ಬಿ ಮ್ಯಾಚ್ (ಸ್ಪರ್ಧೆಯ ದರ್ಜೆಯ) ತೋಟೆಯನ್ನು ಇದಕ್ಕಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಪಿಸ್ತೂಲನ್ನು ಯಾಂತ್ರಿಕ ಹಿಡಿಕೆಯಲ್ಲಿ ಕೂರಿಸಿ, ಅದು ಸಿಗದಿದ್ದರೆ ಬೆಂಚಿನ ಮೇಲೆ ಮರಳಿನ ಚೀಲಕ್ಕೆ ಎರಡೂ ಮಣಿಕಟ್ಟು ಊರಿ, ಮ್ಯಾಚ್ ತೋಟೆಯಿಂದ ಹತ್ತು ಹೊಡೆತ, ಅನುಮಾನದ ತೋಟೆಯಿಂದ ಹತ್ತು ಹೊಡೆತ ಹೊಡೆಯಬೇಕು. ಐದು ಹೊಡೆತದ ಗುಂಪು ಅದೃಷ್ಟದಿಂದಲೂ ಚಿಕ್ಕದಾಗಬಹುದಾದ ಕಾರಣ ಅದನ್ನು ಆಧಾರವಾಗಿ ಹಿಡಿಯಬಾರದು. ಎರಡೂ ಗುಂಪು ಒಂದೇ ರೀತಿ ಹರಡಿದ್ದರೆ ದೋಷ ಪಿಸ್ತೂಲಿನಲ್ಲಿದೆ: ಸಡಿಲಗೊಂಡ ಸೈಟಿನ ಸ್ಕ್ರೂ, ಕೆಂಪು ಚುಕ್ಕಿಯ ಸೈಟಿನ ಮೌಂಟ್, ಸವೆದ ನಳಿಕೆ ಬುಷಿಂಗ್ ಇವನ್ನು ನೋಡಿ ಮುಗಿಸುವವರೆಗೆ ಮದ್ದಿನ ವಿಚಾರ ಬೇಡ.

ಸ್ಲೈಡ್ ಪೂರ್ತಿ ಹಿಂದೆ ಹೋಗದಿರುವುದು

.45ರ ಅರೆ-ಸ್ವಯಂಚಾಲಿತ ಪಿಸ್ತೂಲಿನಲ್ಲಿ ಹಗುರ ತೋಟೆ ಬಳಸಿದಾಗ ಮೊದಲು ಕಾಣಿಸಿಕೊಳ್ಳುವ ದೋಷ ಇದು. ಖಾಲಿ ಕೇಸು ಹೊರಬೀಳುವ ಬದಲು ಸ್ಲೈಡಿನ ಬಾಯಲ್ಲಿ ನಿಂತಂತೆ ಸಿಕ್ಕಿಕೊಳ್ಳುತ್ತದೆ, ಅಥವಾ ಹೊರಬಿದ್ದರೂ ಹೊಡೆಯುವವರ ಮಣಿಕಟ್ಟಿನ ಮೇಲೇ ಬೀಳುತ್ತದೆ, ಅಥವಾ ಕೊನೆಯ ಹೊಡೆತದ ನಂತರ ಸ್ಲೈಡ್ ಹಿಂದೆ ನಿಲ್ಲುವುದಿಲ್ಲ. ಕಾರಣವನ್ನು ಒಂದು ಸರಳ ಗುಣಾಕಾರದಿಂದ ತಿಳಿಯಬಹುದು. 230 ಗ್ರೇನ್ (ಒಂದು ಗ್ರೇನ್ ಎಂದರೆ 0.0648 ಗ್ರಾಂ) ತೂಕದ ಸಾಮಾನ್ಯ ಗುಂಡು ಸೆಕೆಂಡಿಗೆ ಸುಮಾರು 830 ಅಡಿ ವೇಗದಲ್ಲಿ ಹೋಗುತ್ತದೆ. 185 ಗ್ರೇನಿನ ಮ್ಯಾಚ್ ಗುಂಡು ಸುಮಾರು 770 ಅಡಿ ವೇಗದಲ್ಲಿ ಹೋಗುತ್ತದೆ. ತೂಕ ಮತ್ತು ವೇಗವನ್ನು ಗುಣಿಸಿ ಹೋಲಿಸಿದರೆ ಎರಡನೆಯದರ ತಳ್ಳು ಮೊದಲನೆಯದರ ಮುಕ್ಕಾಲು ಪಾಲಿಗೆ ಇಳಿದಿರುತ್ತದೆ. ಐದು ಅಂಗುಲ ನಳಿಕೆಯ 1911 ಮಾದರಿಯ ಪಿಸ್ತೂಲಿಗೆ ರೂಢಿಯಲ್ಲಿರುವ, ಸ್ಲೈಡನ್ನು ಮರಳಿ ಮುಂದಕ್ಕೆ ತಳ್ಳುವ 16 ಪೌಂಡಿನ ರೀಕಾಯ್ಲ್ ಸ್ಪ್ರಿಂಗ್ ಪೂರ್ಣ ಬಲದ ತೋಟೆಗೆಂದು ಇರುವುದು. ಮುಕ್ಕಾಲು ತಳ್ಳಿಗೆ ಅದು ಬಿಗಿ.

ಹಾಗಾಗಿ ಇಲ್ಲಿ ಪರಿಹಾರ ಹುಡುಕುವ ಕ್ರಮ ಮುಖ್ಯ. ಮೊದಲು ಪಿಸ್ತೂಲನ್ನು ಶುಚಿಗೊಳಿಸಿ ಸ್ಲೈಡ್ ಜಾರುವ ರೈಲುಗಳಿಗೆ ಎಣ್ಣೆ ಹಾಕಬೇಕು. ಹಗುರ ತೋಟೆಗೆ ಒಣಗಿದ ರೈಲು ತಡೆಯಾಗುವಷ್ಟು ಭಾರಿ ತೋಟೆಗೆ ಆಗುವುದಿಲ್ಲ. ಆಮೇಲೆ ಸ್ಪ್ರಿಂಗನ್ನು 14 ಅಥವಾ 12 ಪೌಂಡಿಗೆ ಇಳಿಸಬೇಕು. ಸ್ಲೈಡಿನ ಮೇಲೆಯೇ ಕೆಂಪು ಚುಕ್ಕಿಯ ಸೈಟ್ ಕೂರಿಸಿದ್ದರೆ ಚಲಿಸಬೇಕಾದ ಭಾರ ಹೆಚ್ಚಿರುವುದರಿಂದ ಸ್ಪ್ರಿಂಗ್ ಇನ್ನೂ ಹಗುರವಾಗಬೇಕಾಗಬಹುದು. ಇವೆರಡೂ ಆದ ಮೇಲೂ ದೋಷ ಉಳಿದರೆ ಆಗ ಗುಂಡಿನ ತೂಕವನ್ನು 185ರಿಂದ 200 ಗ್ರೇನಿಗೆ ಏರಿಸುವುದು ಒಳ್ಳೆಯ ಹೆಜ್ಜೆ. ಅದೇ ಮದ್ದಿನ ಪ್ರಕಟಿತ ಮಿತಿಯೊಳಗೆ ಭಾರದ ಗುಂಡು ಒತ್ತಡವನ್ನು ತುಸು ಹೆಚ್ಚಿಸಿ ಮದ್ದು ಸಮನಾಗಿ ಉರಿಯಲು ನೆರವಾಗುತ್ತದೆ, ಸ್ಲೈಡಿಗೂ ನಿಧಾನವಾದ, ದೀರ್ಘವಾದ ತಳ್ಳು ಸಿಗುತ್ತದೆ. ಚಾರ್ಜನ್ನು ಏರಿಸುವುದು ಕೊನೆಯ ಉಪಾಯ. ಸ್ಪ್ರಿಂಗ್ ಬದಲಿಸಿದ ಪಿಸ್ತೂಲಿನಲ್ಲಿ ಮತ್ತೆ ಪೂರ್ಣ ಬಲದ ತೋಟೆ ಹೊಡೆಯುವ ಮೊದಲು ಹಳೆಯ ಸ್ಪ್ರಿಂಗನ್ನು ಮರಳಿ ಹಾಕುವುದನ್ನು ಮರೆಯಬಾರದು.

ಗುಂಪು ಮೇಲೆ-ಕೆಳಗೆ ಉದ್ದವಾಗಿ ಹರಡುವುದು

ಅಡ್ಡಕ್ಕೆ ಕಿರಿದಾಗಿದ್ದು ಉದ್ದಕ್ಕೆ ಹರಡಿದ ಗುಂಪು ವೇಗದ ಏರುಪೇರನ್ನು ಸೂಚಿಸುತ್ತದೆ. ಆದರೆ ಮೇಲೆ ಬಿದ್ದದ್ದು ವೇಗದ ಗುಂಡು, ಕೆಳಗೆ ಬಿದ್ದದ್ದು ನಿಧಾನದ ಗುಂಡು ಎಂದು ಕಾಗದ ನೋಡಿ ತೀರ್ಮಾನಿಸುವುದು ಪಿಸ್ತೂಲಿನ ಮಟ್ಟಿಗೆ ತಪ್ಪು ದಾರಿಗೆ ಎಳೆಯುತ್ತದೆ. ಗುಂಡು ನಳಿಕೆಯೊಳಗೆ ಇರುವಾಗಲೇ ಒದೆತಕ್ಕೆ ಮೂತಿ ಮೇಲೇಳತೊಡಗಿರುತ್ತದೆ. ನಿಧಾನದ ಗುಂಡು ಒಳಗೆ ಹೆಚ್ಚು ಹೊತ್ತು ಇರುವುದರಿಂದ ಇನ್ನಷ್ಟು ಮೇಲೆ ನೋಡುವ ಮೂತಿಯಿಂದ ಹೊರಬೀಳುತ್ತದೆ. 25 ಗಜದಲ್ಲಿ ಈ ಪರಿಣಾಮ ಮೇಲುಗೈ ಪಡೆದು ನಿಧಾನದ ಗುಂಡೇ ಮೇಲೆ ಬೀಳಬಹುದು. ಭಾರದ ಗುಂಡಿಗೆ ಬದಲಿಸಿದಾಗ ಗುಂಪು ಮೇಲಕ್ಕೆ ಸರಿಯುವುದೂ ಇದೇ ಕಾರಣಕ್ಕೆ. 50 ಗಜ ತಲುಪುವಷ್ಟರಲ್ಲಿ ಗುರುತ್ವದ ಎಳೆತ ಲೆಕ್ಕಕ್ಕೆ ಬರುತ್ತದೆ: ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಸೆಕೆಂಡಿಗೆ 700 ಅಡಿಯ ಗುಂಡು 750 ಅಡಿಯದಕ್ಕಿಂತ ಸುಮಾರು ಒಂದು ಅಂಗುಲ ಹೆಚ್ಚು ಇಳಿದಿರುತ್ತದೆ. ಎರಡು ಪರಿಣಾಮಗಳು ಒಂದಕ್ಕೊಂದು ಎದುರಾಗಿ ಎಳೆಯುವ ಈ ಜಾಗದಲ್ಲಿ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ಮಾತನಾಡುವುದರಲ್ಲಿ ಅರ್ಥವಿಲ್ಲ.

ಕ್ರೋನೋಗ್ರಾಫಿನಲ್ಲಿ ಏರುಪೇರು ನಿಜವಾಗಿಯೂ ಕಂಡರೆ, ಮದ್ದು ಕೇಸಿನೊಳಗೆ ಎಲ್ಲಿ ಬಿದ್ದಿದೆ ಎಂಬುದರಿಂದ ವೇಗ ಬದಲಾಗುತ್ತಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಪರೀಕ್ಷೆ ಸುಲಭ. ಒಂದೊಂದೇ ತೋಟೆ ಹಾಕಿ, ಪಿಸ್ತೂಲಿನ ಮೂತಿಯನ್ನು ಗುರಿಯ ದಿಕ್ಕಿನ ನೆಲಕ್ಕೆ ಬಾಗಿಸಿ, ಮೆಲ್ಲಗೆ ಮಟ್ಟಕ್ಕೆ ತಂದು ಹೊಡೆದರೆ ಮದ್ದು ಗುಂಡಿನ ಬುಡದ ಕಡೆ ಇರುತ್ತದೆ. ರೇಂಜಿನ ನಿಯಮ ಒಪ್ಪುವಷ್ಟು ಮೂತಿಯನ್ನು ಮೇಲೆತ್ತಿ, ಮೆಲ್ಲಗೆ ಇಳಿಸಿ ಹೊಡೆದರೆ ಮದ್ದು ಪ್ರೈಮರಿನ ಕಡೆ ಇರುತ್ತದೆ. ಎರಡು ಬಗೆಯ ಸರಾಸರಿಗಳ ನಡುವೆ ದೊಡ್ಡ ಅಂತರವಿದ್ದರೆ, ಆ ಮದ್ದು ಆ ಕೇಸಿನ ಖಾಲಿ ಜಾಗಕ್ಕೆ ಹೊಂದುತ್ತಿಲ್ಲ. ಸ್ಪರ್ಧೆಯಲ್ಲಿ ಬೆಂಚಿನಿಂದ ಪಿಸ್ತೂಲು ಎತ್ತುವ ಪ್ರತಿಯೊಂದು ಸಲವೂ ಮದ್ದು ಬೇರೆ ರೀತಿ ಕೂರುವುದರಿಂದ, ಎಷ್ಟು ಎಚ್ಚರದಿಂದ ತೂಗಿ ತುಂಬಿದರೂ ಮೊದಲ ಹೊಡೆತ ಉಳಿದ ನಾಲ್ಕರ ಜೊತೆ ಸೇರುವುದಿಲ್ಲ. ಐದರಲ್ಲಿ ಸದಾ ಮೊದಲನೆಯದೇ ಬೇರೆ ಬೀಳುವ ಗುಂಪನ್ನು ಕಂಡರೆ ಈ ಪರೀಕ್ಷೆಯನ್ನೂ, ಜೊತೆಗೆ ಮೊದಲ ತೋಟೆಯನ್ನು ಚೇಂಬರಿಗೆ ತಳ್ಳಲು ಕೈಯಿಂದ ಬಿಟ್ಟ ಸ್ಲೈಡ್ ಉಳಿದ ಹೊಡೆತಗಳಲ್ಲಿ ಮುಚ್ಚುವಂತೆಯೇ ಮುಚ್ಚುತ್ತಿದೆಯೇ ಎಂಬುದನ್ನೂ ನೋಡುವುದು ಲೇಸು.

ಮದ್ದುಗಳ ನಡುವಿನ ವ್ಯತ್ಯಾಸ ಇಲ್ಲಿ ನಿಜವಾದ ಬೆಲೆ ಪಡೆಯುತ್ತದೆ. ಅಲಯಂಟ್ ಕಂಪನಿ ಈಗ ಮಾರುವ ಬುಲ್ಸ್‌ಐ ಮದ್ದು ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಬಳಕೆಯಲ್ಲಿದೆ. ಬಹಳ ಬೇಗ ಉರಿಯುವ, ನೈಟ್ರೋಗ್ಲಿಸರಿನ್ ಹೆಚ್ಚಾಗಿರುವ ಚಕ್ಕೆ ರೂಪದ ಮದ್ದು ಅದು. ಮಸಿ ಮಾಡುತ್ತದೆಂಬ ದೂರು ಇದ್ದರೂ ಕಡಿಮೆ ಒತ್ತಡದಲ್ಲೂ ಹೊತ್ತಿಕೊಳ್ಳುವುದರಲ್ಲಿ ನಂಬಿಗಸ್ತ. ವಿಂಚೆಸ್ಟರ್ 231 ಮತ್ತು ಹಾಜ್ಡನ್ ಎಚ್‌ಪಿ-38 ಎರಡು ಹೆಸರಿನ ಒಂದೇ ಮದ್ದು. ಕಾಳುಗಳು ಸಣ್ಣವು, ಅಳತೆಗಾರನಿಂದ (ಮದ್ದನ್ನು ಅಳೆದು ಸುರಿಯುವ ಸಾಧನದಿಂದ) ನೀರಿನಂತೆ ಇಳಿಯುತ್ತವೆ, ಆದರೆ ಅತಿ ಹಗುರ ಚಾರ್ಜಿನಲ್ಲಿ ಮದ್ದು ಬಿದ್ದ ಜಾಗದ ಪರಿಣಾಮಕ್ಕೆ ಸಿಲುಕುತ್ತವೆ. ಟೈಟ್‌ಗ್ರೂಪ್ ದೊಡ್ಡ ಕೇಸಿನಲ್ಲೂ ಮದ್ದಿನ ಸ್ಥಾನಕ್ಕೆ ಅಷ್ಟಾಗಿ ಸ್ಪಂದಿಸದಂತೆ ರೂಪಿಸಿದ ಮದ್ದು. ಆದರೆ ಅದರ ಚಾರ್ಜು ತೀರ ಕಡಿಮೆ ಜಾಗ ಹಿಡಿಯುವುದರಿಂದ ಎರಡು ಪಟ್ಟು ಚಾರ್ಜಿನ ಭಯ ಅಷ್ಟೇ ಹೆಚ್ಚು. ಫಿನ್ಲೆಂಡಿನ ವಿಹ್ಟಾವೂರಿ ಎನ್310 ಬೇಗ ಉರಿಯುವ, ಶುಚಿಯಾದ, ದುಬಾರಿ ಮದ್ದು. ನನ್ನ ಅಭಿಪ್ರಾಯದಲ್ಲಿ, ಈಗಷ್ಟೇ ತುಂಬಲು ಆರಂಭಿಸಿದವರು ಒದೆತ, ಮಸಿ, ಬೆಲೆ ಇವುಗಳಿಗಿಂತ ಮೊದಲು ಕೇಸಿನೊಳಗೆ ಕಣ್ಣಿಗೆ ಕಾಣುವಷ್ಟು ಮಟ್ಟ ತುಂಬುವ ಮದ್ದನ್ನೇ ಆರಿಸಬೇಕು.

ಮದ್ದಿನ ಸ್ಥಾನದಿಂದ ಅಂತರ ಕಾಣದಿದ್ದರೆ ಅಳತೆಯ ಕಡೆಗೆ ತಿರುಗಬೇಕು. ಸಾಮಾನ್ಯ ತಕ್ಕಡಿಯ ಸೂಕ್ಷ್ಮತೆ ಒಂದು ಗ್ರೇನಿನ ಹತ್ತನೇ ಒಂದು ಭಾಗ. ನಾಲ್ಕು ಗ್ರೇನಿನ ಚಾರ್ಜಿನಲ್ಲಿ ತಕ್ಕಡಿಯ ಒಂದು ಗೆರೆಯ ತಪ್ಪೇ ಶೇಕಡ 2.5 ಆಗುತ್ತದೆ. ರೈಫಲಿನ ನಲವತ್ತು ಗ್ರೇನಿನ ಚಾರ್ಜಿನಲ್ಲಿ ಲೆಕ್ಕಕ್ಕೇ ಬಾರದ ತಪ್ಪು ಇಲ್ಲಿ ಗುಂಪನ್ನು ಹರಡುತ್ತದೆ. ದೊಡ್ಡ ಚಕ್ಕೆಗಳ ಮದ್ದು ಅಳತೆಗಾರನ ಕತ್ತಿನಲ್ಲಿ ಸೇತುವೆಯಂತೆ ಕಟ್ಟಿಕೊಂಡು ಒಂದು ಕೇಸಿಗೆ ಕಡಿಮೆ, ಮುಂದಿನದಕ್ಕೆ ಹೆಚ್ಚು ಸುರಿಯುವುದುಂಟು. ಹತ್ತು ಚಾರ್ಜುಗಳನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸುವ ರೂಢಿ ಸರಾಸರಿಯನ್ನು ತಿಳಿಸುತ್ತದೆಯೇ ಹೊರತು ಈ ಬಗೆಯ ಏರಿಳಿತವನ್ನು ಮುಚ್ಚಿಡುತ್ತದೆ. ಆದ್ದರಿಂದ ದೋಷ ಹುಡುಕುವಾಗ ಒಂದೊಂದನ್ನೂ ಬೇರೆಯಾಗಿ ತೂಗಬೇಕು. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ಏಸಿಯ ಗಾಳಿಯನ್ನು ನಿಲ್ಲಿಸಿ, ಮೊಬೈಲನ್ನು ದೂರವಿಟ್ಟು, ತೂಕ ಗೊತ್ತಿರುವ ಬಟ್ಟಿನಿಂದ ಪರೀಕ್ಷಿಸಿ ಆಮೇಲೆ ಕೆಲಸ ಆರಂಭಿಸಬೇಕು.

ಮಸಿ ಹಿಡಿದ ಕೇಸು, ಉರಿಯದೆ ಉಳಿದ ಮದ್ದು

ಹೊಡೆದ ಕೇಸಿನ ಬಾಯಿಂದ ಕೆಳಗೆ ಒಂದು ಬದಿಗೆ ಕಪ್ಪು ಪಟ್ಟೆ ಇಳಿದಿದ್ದರೆ, ಒತ್ತಡ ಸಾಲದೆ ಹಿತ್ತಾಳೆಯ ಬಾಯಿ ಚೇಂಬರಿನ (ತೋಟೆ ಕೂರುವ ಕೋಣೆಯ) ಗೋಡೆಗೆ ಒತ್ತಿ ನಿಂತಿಲ್ಲ, ಅನಿಲ ಹಿಂದಕ್ಕೆ ನುಸುಳಿದೆ ಎಂದರ್ಥ. ತೆಳುವಾದ ಪಟ್ಟೆ ಹಗುರ ತೋಟೆಗೆ ಸಹಜವಾದದ್ದು, ಅದಕ್ಕಾಗಿ ಏನೂ ಮಾಡಬೇಕಿಲ್ಲ. ಕೇಸಿನ ಸುತ್ತಲೂ ಬುಡದವರೆಗೆ ಮಸಿ ಹಿಡಿದು, ನಳಿಕೆಯೊಳಗೆ ಮದ್ದಿನ ಕಾಳುಗಳು ಹಾಗೆಯೇ ಉಳಿದಿದ್ದರೆ ಮಾತ್ರ ಮದ್ದು ಆ ಚಾರ್ಜಿಗೆ ನಿಧಾನದ್ದಾಯಿತು. ರಿವಾಲ್ವರಿನಲ್ಲಿ ಇದರ ಜೊತೆಗೆ ಪ್ರೈಮರ್ ಕೇಸಿನ ತಳದಿಂದ ಹೊರಚಾಚಿ ಸಿಲಿಂಡರ್ ತಿರುಗಲು ಅಡ್ಡಿಯಾಗುವುದೂ ಕಾಣಬಹುದು. ಇದನ್ನು ಕಂಡು ಒತ್ತಡ ಹೆಚ್ಚಾಯಿತೆಂದು ಚಾರ್ಜು ಇಳಿಸುವವರಿದ್ದಾರೆ, ಆದರೆ ಪ್ರೈಮರನ್ನು ಮರಳಿ ಒತ್ತಿ ಕೂರಿಸುವಷ್ಟು ಒತ್ತಡ ಇಲ್ಲದ್ದರಿಂದಲೇ ಅದು ಹೊರಗೆ ಉಳಿದಿರುತ್ತದೆ. ಚಾರ್ಜನ್ನು ಪ್ರಕಟಿತ ಕನಿಷ್ಠಕ್ಕಿಂತ ಕೆಳಗೆ ಇಳಿಸಿದ್ದರೆ ಮೊದಲು ಮಿತಿಯೊಳಗೆ ಬರಬೇಕು. ಒಳಗೇ ಇದ್ದರೆ ಇನ್ನೂ ಬೇಗ ಉರಿಯುವ ಮದ್ದಿಗೆ ಹೋಗಬೇಕು.

ನಳಿಕೆಗೆ ಸೀಸ ಮೆತ್ತಿಕೊಳ್ಳುವುದು, ಕಾಗದದಲ್ಲಿ ಅಡ್ಡ ತೂತು

ಸೀಸದ ಗುಂಡು ಬಳಸುವವರು ಅತಿ ಹೆಚ್ಚು ಮದ್ದು ಬದಲಿಸುವುದು ಈ ದೋಷಕ್ಕೆ. ಆದರೆ ನನ್ನ ಖಚಿತ ಅಭಿಪ್ರಾಯವೆಂದರೆ, ಇದು ಬಹುಪಾಲು ಗುಂಡಿನ ಅಳತೆಯ ದೋಷ. ಸೀಸ ನಳಿಕೆಯ ಯಾವ ಭಾಗದಲ್ಲಿ ಮೆತ್ತಿದೆ ಎಂಬುದನ್ನು ಮೊದಲು ನೋಡಬೇಕು. ಚೇಂಬರಿನ ಮುಂದೆಯೇ ಮೆತ್ತಿದ್ದರೆ ಗುಂಡು ತೆಳುವಾಗಿದೆ ಅಥವಾ ಆ ಒತ್ತಡಕ್ಕೆ ಅತಿ ಗಟ್ಟಿಯಾಗಿದೆ. ಬಿಸಿ ಅನಿಲ ಗುಂಡಿನ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆದು ಗೋಡೆಗೆ ಹಚ್ಚಿದೆ. ಮೂತಿಯ ಹತ್ತಿರ ಮೆತ್ತಿದ್ದರೆ ಗುಂಡಿಗೆ ಹಚ್ಚಿದ ಜಾರುಜಿಡ್ಡು (ಲೂಬ್) ಅರ್ಧ ದಾರಿಯಲ್ಲೇ ಮುಗಿದಿದೆ. ಗಟ್ಟಿ ಸೀಸ ಒಳ್ಳೆಯದೆಂಬ ನಂಬಿಕೆ ಭಾರಿ ತೋಟೆಗಳಿಂದ ಬಂದದ್ದು. ಹಗುರ ತೋಟೆಯಲ್ಲಿ ಗುಂಡಿನ ಬುಡ ಒತ್ತಡಕ್ಕೆ ಅಗಲವಾಗಿ ನಳಿಕೆಯನ್ನು ಮುಚ್ಚಬೇಕಾದರೆ ಸೀಸ ಮೃದುವಾಗಿಯೇ ಇರಬೇಕು, ಇಲ್ಲವೇ ಮೊದಲಿನಿಂದಲೇ ಸರಿಯಾದ ಅಳತೆಯಲ್ಲಿರಬೇಕು.

.45ರಲ್ಲಿ ತಾಮ್ರದ ಹೊದಿಕೆಯ ಗುಂಡಿನ ವ್ಯಾಸ 0.451 ಅಂಗುಲವಾದರೆ ಸೀಸದ್ದು 0.452 ಅಂಗುಲ; .38ರಲ್ಲಿ ಸೀಸದ್ದು 0.358 ಅಂಗುಲ. ಡಬ್ಬಿಯ ಮೇಲೆ ಬರೆದ ಅಳತೆಯನ್ನು ನಂಬಿ ಕುಳಿತುಕೊಳ್ಳದೆ, ತುಂಬಿ ಮುಗಿಸಿದ ಒಂದು ತೋಟೆಯಿಂದ ಗುಂಡನ್ನು ಮರಳಿ ಕಿತ್ತು ಮೈಕ್ರೋಮೀಟರಿನಲ್ಲಿ ಅಳೆಯಬೇಕು. 0.452 ಆಗಿ ಕೇಸಿನೊಳಗೆ ಹೋದ ಗುಂಡು 0.449 ಆಗಿ ಹೊರಬಂದರೆ ಅಪರಾಧಿ ಸಿಕ್ಕಂತೆ. ಕೇಸಿನ ಬಾಯನ್ನು ಒಳಕ್ಕೆ ಒತ್ತುವ ಸಾಧನವಾದ ಕ್ರಿಂಪ್ ಡೈ ಅದನ್ನು ಅತಿಯಾಗಿ ಬಿಗಿದಾಗ ಹಿತ್ತಾಳೆಯೂ ಸೀಸವೂ ಒಟ್ಟಿಗೆ ಒಳಸರಿಯುತ್ತವೆ; ಹಿತ್ತಾಳೆ ಸ್ವಲ್ಪ ಹಿಂದಿರುಗುತ್ತದೆ, ಸೀಸ ಹಿಂದಿರುಗುವುದಿಲ್ಲ. ಹಾಗಾಗಿ ಅತಿ ಕ್ರಿಂಪ್ ಮಾಡಿದ ಗುಂಡು ತೆಳುವಾಗುವುದಲ್ಲದೆ ಕೇಸಿನೊಳಗೆ ಸಡಿಲವೂ ಆಗಿರುತ್ತದೆ. .45ಕ್ಕೆ ಟೇಪರ್ ಕ್ರಿಂಪ್ ಆದ ಮೇಲೆ ಬಾಯಿಯ ಹೊರವ್ಯಾಸ 0.469ರಿಂದ 0.471 ಅಂಗುಲದೊಳಗೆ ಇದ್ದರೆ ಸಾಕು. ಅಲ್ಲಿ ಕ್ರಿಂಪಿನ ಕೆಲಸ ಗುಂಡು ಕೂರಿಸಲು ಅಗಲಿಸಿದ ಬಾಯನ್ನು ನೇರ ಮಾಡುವುದು. ಗುಂಡನ್ನು ಹಿಡಿದಿಡುವುದು ಕೇಸಿನ ಗೋಡೆಯ ಬಿಗಿತ.

.38ರ 148 ಗ್ರೇನಿನ ಟೊಳ್ಳು ಬುಡದ ವಾಡ್‌ಕಟರ್ (ಚಪ್ಪಟೆ ಮೂತಿಯ) ಗುಂಡಿಗೆ ಇದೇ ಪರೀಕ್ಷೆ ಇನ್ನೂ ಮುಖ್ಯ. ತೀರ ಮೃದುವಾದ ಈ ಗುಂಡನ್ನು ಕೇಸಿನ ಬಾಯಿಯ ಮಟ್ಟಕ್ಕೆ ಪೂರ್ತಿ ಒಳಗೆ ಕೂರಿಸುತ್ತಾರೆ. ಸಾಮಾನ್ಯ ಕೇಸಿನ ಗೋಡೆ ತಳದ ಕಡೆಗೆ ದಪ್ಪವಾಗುತ್ತ ಹೋಗುವುದರಿಂದ ಗುಂಡಿನ ಟೊಳ್ಳು ಅಂಚು ಆ ದಪ್ಪ ಭಾಗಕ್ಕೆ ಸಿಕ್ಕಿ ಕುಗ್ಗುತ್ತದೆ. ಕೇಸನ್ನು ಹೊರಗಿನಿಂದ ನೋಡಿದರೆ ನಡುವಿನಲ್ಲಿ ಸಣ್ಣ ಉಬ್ಬು ಕಾಣುತ್ತದೆ. ವಾಡ್‌ಕಟರಿಗೆಂದೇ ಮಾಡಿದ, ಆಳದವರೆಗೆ ತೆಳು ಗೋಡೆಯ ಕೇಸುಗಳನ್ನು ಬೇರೆಯಾಗಿ ತೆಗೆದಿಟ್ಟರೆ ಈ ತೊಂದರೆ ಹೋಗುತ್ತದೆ. ಈ ಗುಂಡಿಗೆ ಸೆಕೆಂಡಿಗೆ ಸುಮಾರು 700 ಅಡಿ ವೇಗ ಸಾಕು. ಚಾರ್ಜು ಹೆಚ್ಚಿಸಿ ಒತ್ತಡ ಏರಿಸಿದರೆ ಟೊಳ್ಳಿನ ಅಂಚು ಗುಂಡಿನಿಂದ ಕಿತ್ತು ನಳಿಕೆಯೊಳಗೇ ಉಳಿಯುವ ಅಪಾಯವಿದೆ, ಮತ್ತು ಮುಂದಿನ ಗುಂಡಿಗೆ ಆ ಉಂಗುರ ಅಡ್ಡವಾಗುತ್ತದೆ. 158 ಗ್ರೇನಿನ ಗುಂಡಿಗೆ ಕೊಟ್ಟ ಚಾರ್ಜನ್ನು, ಗುಂಡು ಹಗುರವಾಗಿದೆಯಲ್ಲ ಎಂಬ ಧೈರ್ಯದಿಂದ, ಆಳವಾಗಿ ಕೂರುವ ವಾಡ್‌ಕಟರಿಗೆ ಬಳಸಬಾರದೆಂಬುದಕ್ಕೆ ಇದೊಂದು ಕಾರಣ. ಆಳವಾಗಿ ಕೂತ ಗುಂಡು ಕೇಸಿನೊಳಗಿನ ಜಾಗವನ್ನು ಕಿತ್ತುಕೊಂಡು ಒತ್ತಡ ಏರಿಸುತ್ತದೆ ಎಂಬುದು ಇನ್ನೊಂದು.

ರಿವಾಲ್ವರ್ ಇದ್ದವರು ಸಿಲಿಂಡರಿನ ಪ್ರತಿ ಕೋಣೆಯ ಮುಂಬಾಯಿಗೆ ಅದೇ ಗುಂಡನ್ನು ಬೆರಳಿನಿಂದ ಒತ್ತಿ ನೋಡಬೇಕು. ತುಸು ಬಲಕ್ಕೆ ಜಾರಿ ಹೋದರೆ ಹೊಂದಿಕೆ ಸರಿ. ತಾನಾಗಿ ಬಿದ್ದುಹೋಗುವ ಕೋಣೆಯಿಂದ ಸೀಸ ಮೆತ್ತುತ್ತದೆ. ಹೋಗಲೇ ಒಪ್ಪದ ಕೋಣೆ ಗುಂಡನ್ನು ನಳಿಕೆಗಿಂತ ತೆಳು ಮಾಡಿ ಕಳಿಸುತ್ತದೆ. ಆರರಲ್ಲಿ ಒಂದೇ ಕೋಣೆಯ ಗುಂಡು ಸದಾ ಹೊರಗೆ ಬೀಳುತ್ತಿದ್ದರೆ, ಕೋಣೆಗಳಿಗೆ ಸಂಖ್ಯೆ ಕೊಟ್ಟು ಬೇರೆಬೇರೆ ಗುರಿಗೆ ಹೊಡೆದು ನೋಡಿದಾಗ ಅದು ಸಿಕ್ಕಿಬೀಳುತ್ತದೆ.

ಕಾಗದದ ಮೇಲಿನ ತೂತು ದುಂಡಾಗಿರದೆ ಮೊಟ್ಟೆಯಾಕಾರದಲ್ಲಿದ್ದರೆ ಗುಂಡು ಓರೆಯಾಗಿ ಹಾರುತ್ತಿದೆ. ಸೀಸ ತುಂಬಿದ ನಳಿಕೆ ಮತ್ತು ತೆಳು ಗುಂಡು ಎಂಬ ಮೇಲಿನ ಎರಡು ಕಾರಣಗಳನ್ನು ತಳ್ಳಿಹಾಕಿದ ಮೇಲೆ ಮಾತ್ರ ವೇಗ ಮತ್ತು ನಳಿಕೆಯ ಸುರುಳಿಯ (ಗುಂಡನ್ನು ತಿರುಗಿಸುವ ಒಳಗೀರುಗಳ) ಲೆಕ್ಕಕ್ಕೆ ಬರಬೇಕು. .38ರ ಸ್ಮಿತ್ ಆಂಡ್ ವೆಸ್ಸನ್ ರಿವಾಲ್ವರುಗಳಲ್ಲಿ ಸುರುಳಿ 18¾ ಅಂಗುಲಕ್ಕೆ ಒಂದು ಸುತ್ತು, ಕೋಲ್ಟಿನಲ್ಲಿ 14 ಅಂಗುಲಕ್ಕೆ ಒಂದು ಸುತ್ತು. ನಿಧಾನ ಸುರುಳಿಯ ನಳಿಕೆಯಲ್ಲಿ ಉದ್ದವಾದ, ಎರಡೂ ತುದಿ ಚಪ್ಪಟೆಯಾದ ಗಟ್ಟಿ ವಾಡ್‌ಕಟರ್ ಗುಂಡು 25 ಗಜದವರೆಗೆ ಚೆನ್ನಾಗಿ ನಡೆದು 50 ಗಜದಲ್ಲಿ ತೊನೆಯುವುದುಂಟು. ಟೊಳ್ಳು ಬುಡದ ಗುಂಡಿನ ಭಾರ ಮುಂದಿರುವುದರಿಂದ ಅದೇ ನಳಿಕೆಯಲ್ಲಿ ಅದು ಹೆಚ್ಚು ಸ್ಥಿರ. ಸ್ಪರ್ಧೆ 25 ಗಜಕ್ಕೇ ಸೀಮಿತವಾಗಿದ್ದರೆ ಈ ಬದಲಾವಣೆಗೆ ಹಣ ಸುರಿಯುವ ಅಗತ್ಯವಿಲ್ಲ.

ಚೇಂಬರಿಗೆ ಕೂರದ ತೋಟೆ, ಹೊತ್ತದ ಪ್ರೈಮರ್

ಇವು ಬೇಗ ಮುಗಿಯುವ ಹುಡುಕಾಟಗಳು. 1911ರ ನಳಿಕೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ತೋಟೆಯನ್ನು ಬಿಟ್ಟರೆ ‘ಟಕ್’ ಎಂದು ಕೂತು, ತಿರುಗಿಸಿದರೆ ತಾನಾಗಿ ಜಾರಿ ಬೀಳಬೇಕು. ಕೂರದಿದ್ದರೆ ತೋಟೆಯ ಮೇಲೆ ಮಾರ್ಕರಿನ ಮಸಿ ಹಚ್ಚಿ ಮತ್ತೆ ಒತ್ತಿದಾಗ ಉಜ್ಜಿದ ಜಾಗ ಬೆಳ್ಳಗೆ ಕಾಣುತ್ತದೆ: ಬಾಯಿಯ ಅಂಚಿನಲ್ಲಾದರೆ ಕ್ರಿಂಪ್ ಸಾಲದು, ಗುಂಡಿನ ಭುಜದಲ್ಲಾದರೆ ಗುಂಡು ಉದ್ದಕ್ಕೆ ಕೂತಿದೆ. 200 ಗ್ರೇನಿನ ಅರೆ-ವಾಡ್‌ಕಟರಿನಲ್ಲಿ ಸೀಸದ ಭುಜ ಕೇಸಿನ ಬಾಯಿಂದ ಉಗುರಿನ ದಪ್ಪದಷ್ಟು ಹೊರಗಿದ್ದರೆ ಸಾಮಾನ್ಯವಾಗಿ ಸರಿಹೊಂದುತ್ತದೆ. ಪ್ರೈಮರ್ ಮೊದಲ ಪೆಟ್ಟಿಗೆ ಹೊತ್ತದೆ ಎರಡನೆಯದಕ್ಕೆ ಹೊತ್ತಿದರೆ ಅದು ಪೂರ್ತಿ ಒಳಗೆ ಕೂತಿರಲಿಲ್ಲ. ಬೆರಳ ತುದಿ ಸವರಿದಾಗ ಪ್ರೈಮರ್ ಕೇಸಿನ ತಳಕ್ಕಿಂತ ಕೂದಲೆಳೆಯಷ್ಟು ಒಳಗೆ ಇರಬೇಕು. .45ರ ಕೇಸುಗಳಲ್ಲಿ ದೊಡ್ಡ ಪ್ರೈಮರಿನವೂ ಸಣ್ಣ ಪ್ರೈಮರಿನವೂ ಇರುವುದರಿಂದ ರೇಂಜಿನಲ್ಲಿ ಆಯ್ದು ತಂದ ಕೇಸುಗಳನ್ನು ತೋಟೆ ತುಂಬುವ ಪ್ರೆಸ್ಸಿಗೆ ಹಾಕುವ ಮೊದಲೇ ತಳ ನೋಡಿ ಬೇರ್ಪಡಿಸಬೇಕು.

ಬದಲಾವಣೆಯ ಕ್ರಮ

ಗುಂಡು, ಮದ್ದು, ಪ್ರೈಮರ್, ಕೇಸು, ಕ್ರಿಂಪ್, ಸ್ಪ್ರಿಂಗ್ ಈ ಆರರಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಮತ್ತು ಬದಲಿಸಿದ್ದನ್ನು ಆ ಡಬ್ಬಿಯ ಮೇಲೆಯೇ ಬರೆದಿಡಬೇಕು. ತೋಟೆಯ ಭಾಗಗಳ ಮಟ್ಟಿಗೆ ಗುಂಡಿನ ತೂಕದಿಂದ ಆರಂಭಿಸುವುದು ಜಾಣತನ, ಏಕೆಂದರೆ ಪಿಸ್ತೂಲಿನ ಸ್ಪ್ರಿಂಗ್, ನಳಿಕೆಯ ಸುರುಳಿ, ಸ್ಪರ್ಧೆಯ ದೂರ ಇವೆಲ್ಲ ಗುಂಡನ್ನು ನಿರ್ಧರಿಸುತ್ತವೆ. ಮದ್ದು ಆ ಗುಂಡಿಗೆ ಹೊಂದಬೇಕೇ ಹೊರತು ಮದ್ದಿಗಾಗಿ ಗುಂಡನ್ನು ಹುಡುಕುವುದಲ್ಲ. .45ರಲ್ಲಿ 50 ಗಜಕ್ಕೆ 185 ಗ್ರೇನಿನ ಹೊದಿಕೆಯ ಗುಂಡನ್ನೂ, 25 ಗಜಕ್ಕೆ 200 ಗ್ರೇನಿನ ಸೀಸದ ಗುಂಡನ್ನೂ ಬಳಸುವವರು ಬಹಳ. ಎರಡಕ್ಕೂ ಸೈಟಿನ ಹೊಂದಾಣಿಕೆ ಬೇರೆಯಾಗುವುದರಿಂದ ಎರಡರ ಅಂಕಿಗಳನ್ನೂ ಬರೆದಿಟ್ಟುಕೊಳ್ಳಬೇಕಾಗುತ್ತದೆ. ಬೆಂಚಿನಿಂದ 50 ಗಜಕ್ಕೆ ಹೊಡೆದ ಹತ್ತು ಗುಂಡುಗಳು ಹತ್ತರ ವೃತ್ತದೊಳಗೆ ಆರಾಮವಾಗಿ ಕೂರುತ್ತಿದ್ದರೆ ತೋಟೆಯ ಹುಡುಕಾಟವನ್ನು ಅಲ್ಲಿಗೆ ನಿಲ್ಲಿಸಬಹುದು. ಅದರಾಚೆ ಉಳಿಯುವ ಅಂಕಗಳು ಕೈ ಮತ್ತು ಟ್ರಿಗರಿನವು.

ಹುಡುಕಾಟದ ನಡುವೆ ಉಳಿದುಹೋಗುವ ಅನುಮಾನದ ತೋಟೆಗಳನ್ನು ಹೊಡೆದು ಮುಗಿಸುವ ಯೋಚನೆ ಬೇಡ. ಗುಂಡು ಕೀಳುವ ಸುತ್ತಿಗೆಯಲ್ಲಿ ಒಂದೊಂದನ್ನೂ ಬಿಚ್ಚಿ, ಗುಂಡನ್ನು ಮತ್ತೆ ಅಳೆದು ಬೇರೆ ಇಡಬೇಕು. ಹೊರಬಂದ ಮದ್ದು ಯಾವುದೆಂದು ಪೂರ್ಣ ಖಚಿತವಿಲ್ಲದಿದ್ದರೆ ಅದನ್ನು ಮೂಲ ಡಬ್ಬಿಗೆ ಮರಳಿ ಸುರಿಯಬಾರದು. ಬೆಂಚಿನ ಮೇಲೆ ಒಮ್ಮೆಗೆ ಒಂದೇ ಮದ್ದಿನ ಡಬ್ಬಿ ಇರಬೇಕೆಂಬ ನಿಯಮ ಈ ಗೊಂದಲವನ್ನು ತಪ್ಪಿಸಲೆಂದೇ ಇದೆ. ಸೀಸ ಮುಟ್ಟಿದ ಕೈಯನ್ನು ತಣ್ಣೀರು ಮತ್ತು ಸೋಪಿನಿಂದ ತೊಳೆಯುವವರೆಗೆ ಊಟ, ಕಾಫಿ ಯಾವುದನ್ನೂ ಮುಟ್ಟಬಾರದು, ಮತ್ತು ಕೇಸು ಶುಚಿಗೊಳಿಸುವ ಯಂತ್ರದ ದೂಳನ್ನು ಮನೆಯೊಳಗೆ ಜಾಡಿಸಬಾರದು, ಏಕೆಂದರೆ ಹೊಡೆದ ಪ್ರೈಮರಿನ ಸೀಸ ಆ ದೂಳಿನಲ್ಲಿ ಇರುತ್ತದೆ.